ಹಾಯಿದೋಣಿ ಕ್ಲಬ್ಬಿನ ವಾರದ ರೇಸ್: ನೀರಿನ ಮೇಲೆ ಏನು ನಡೆಯುತ್ತದೆ, ಅದನ್ನು ನಡೆಸುವವರು ಯಾರು?

ಹಾಯಿದೋಣಿ ನಡೆಸುವ ಆರಂಭಿಕ ತರಬೇತಿ ಮುಗಿಸಿದವರನ್ನು ಕ್ಲಬ್ಬಿನವರು ಮೊದಲು ಕರೆಯುವುದು ವಾರದ ರೇಸಿಗೆ. ಮಕ್ಕಳನ್ನು ತರಬೇತಿಗೆ ಸೇರಿಸಿದ ತಂದೆತಾಯಿಗಳಿಗೂ ಕೆಲವೇ ತಿಂಗಳಲ್ಲಿ ಈ ಕರೆ ಬರುತ್ತದೆ. ಆದರೆ ದಡದಲ್ಲಿ ನಿಂತು ನೋಡಿದರೆ ಈ ರೇಸ್ ಅರ್ಥವಾಗುವಂಥದ್ದಲ್ಲ. ದೋಣಿಗಳು ಎತ್ತೆತ್ತಲೋ ಸುತ್ತುತ್ತಿರುತ್ತವೆ, ಹಾರನ್ ಕೂಗುತ್ತದೆ, ಬಾವುಟ ಏರಿ ಇಳಿಯುತ್ತದೆ. ಮೊದಲು ಗುರಿ ಮುಟ್ಟಿದ ದೋಣಿ ಫಲಿತಾಂಶದ ಹಾಳೆಯಲ್ಲಿ ಆರನೆಯದಾಗಿರುತ್ತದೆ. ರೆಫ್ರಿ ಎಂಬವರು ಎಲ್ಲೂ ಕಾಣುವುದಿಲ್ಲ.

ಎರಡು ಸಂಗತಿ ಗೊತ್ತಿದ್ದರೆ ಈ ಗೊಂದಲದ ಬಹುಪಾಲು ಬಿಡಿಸಿಕೊಳ್ಳುತ್ತದೆ. ರೇಸ್ ನಡೆಸುವವರು ಬೇರೆ ಯಾರೋ ಅಲ್ಲ, ಸರದಿಯಂತೆ ಅದೇ ಸ್ಪರ್ಧಿಗಳು. ನಿಯಮ ಮುರಿದಾಗ ದಂಡ ಹಾಕಿಕೊಳ್ಳುವವರೂ ಅವರೇ.

ಗಾಳಿಗೆ ಎದುರಾಗಿ ಹೋಗುವುದು

ಯಾವ ಹಾಯಿದೋಣಿಯೂ ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲಾರದು. ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿಗಿಂತ ಹತ್ತಿರಕ್ಕೆ ಮೂತಿ ತಿರುಗಿಸಿದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ. ಆದ್ದರಿಂದ ಘಾಟಿ ರಸ್ತೆ ಬೆಟ್ಟ ಹತ್ತುವ ಹಾಗೆ ಅದು ಅಡ್ಡಡ್ಡ ಹೊರಳುತ್ತಾ ಮೇಲೇರಬೇಕು. ಮೂತಿಯನ್ನು ಗಾಳಿಯ ಮೂಲಕ ದಾಟಿಸಿ ಹೊರಳುವುದಕ್ಕೆ ಟ್ಯಾಕ್ ಎನ್ನುತ್ತಾರೆ. ಗಾಳಿಯ ಜೊತೆಗೆ ಹೋಗುವಾಗ ಹಿಂಬದಿಯನ್ನು ಗಾಳಿಗೆ ದಾಟಿಸಿದರೆ ಅದು ಜೈಬ್. ಜೈಬ್‌ನಲ್ಲಿ ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುತ್ತದೆ. ಹೊಸಬರ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಇಲ್ಲೇ.

45 ಡಿಗ್ರಿಯಲ್ಲಿ ಹೊರಳುತ್ತಾ ಹೋದರೆ ದೂರ ಸುಮಾರು 1.4 ಪಟ್ಟು ಆಗುತ್ತದೆ. ಗಾಳಿ ಬರುವ ಕಡೆ 500 ಮೀಟರ್ ದೂರದಲ್ಲಿರುವ ಗುರುತನ್ನು, ಅಂದರೆ ದೋಣಿಗಳು ಸುತ್ತಿ ಬರಬೇಕಾದ ತೇಲುವ ಬುರುಡೆಯನ್ನು, ಮುಟ್ಟಲು 700 ಮೀಟರ್ ಸಾಗಬೇಕು. ಗಾಳಿಯ ದಿಕ್ಕು ಎಂದೂ ಸ್ಥಿರವಲ್ಲ, ನಿಮಿಷಕ್ಕೊಮ್ಮೆ ಎಂಬಂತೆ ಐದು ಹತ್ತು ಡಿಗ್ರಿ ಅತ್ತಿತ್ತ ವಾಲುತ್ತದೆ. ಅದು ಮೂತಿಯ ಕಡೆಗೆ ವಾಲಿ ದೋಣಿಯನ್ನು ಗುರುತಿನಿಂದ ಆಚೆಗೆ ತಳ್ಳತೊಡಗಿದ ಕೂಡಲೇ ಟ್ಯಾಕ್ ಮಾಡಿದವರಿಗೆ ಹತ್ತಿರದ ದಾರಿ ಸಿಗುತ್ತದೆ. ಗಮನಿಸದೆ ಅದೇ ಹಾದಿಯಲ್ಲಿ ಮುಂದುವರಿದವರು ಹತ್ತಾರು ಮೀಟರ್ ಕಳೆದುಕೊಳ್ಳುತ್ತಾರೆ. ದೋಣಿಯ ವೇಗಕ್ಕಿಂತ ಈ ಓದುವಿಕೆಯೇ ವಾರದ ರೇಸನ್ನು ಗೆಲ್ಲಿಸುವುದು ಹೆಚ್ಚು. ಅದೇ ನೀರಿನಲ್ಲಿ ವರ್ಷಗಟ್ಟಲೆ ಆಡಿದ ಹಿರಿಯ ಸದಸ್ಯರು ಬಲಿಷ್ಠ ತರುಣರನ್ನು ಹಿಂದಿಕ್ಕುವುದು ಇದರಿಂದಲೇ.

ಇನ್ನೊಂದು ಜೋಡಿ ಪದ ಬೇಕು. ಗಾಳಿ ದೋಣಿಯ ಬಲಬದಿಯಿಂದ ಬರುತ್ತಿದ್ದರೆ ಅದು ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದೆ, ಎಡಬದಿಯಿಂದಾದರೆ ಪೋರ್ಟ್ ಟ್ಯಾಕ್‌ನಲ್ಲಿದೆ. ಮುಂದಿನ ನಿಯಮಗಳೆಲ್ಲ ಇದರ ಮೇಲೆ ನಿಂತಿವೆ.

ಕೋರ್ಸ್, ಅಂದರೆ ರೇಸಿನ ದಾರಿ, ಹಾಕುವುದು

ಆ ದಿನದ ರೇಸ್ ಅಧಿಕಾರಿ, ಕ್ಲಬ್ಬಿನ ಮಾತಿನಲ್ಲಿ ರೇಸ್ ಆಫೀಸರ್, ಸ್ಟಾರ್ಟ್‌ಗೆ ಸಾಕಷ್ಟು ಮೊದಲೇ ನೀರಿಗಿಳಿಯಬೇಕು. ದೋಣಿಗೆ ಲಂಗರು ಹಾಕಿ ಕೈ ದಿಕ್ಸೂಚಿಯಿಂದ ಗಾಳಿಯ ದಿಕ್ಕನ್ನು ಹಲವು ಸಲ ಅಳೆದು ಬರೆದುಕೊಳ್ಳುವುದು ಮೊದಲ ಕೆಲಸ. ಒಂದೇ ಸಲ ಅಳೆದರೆ ಗಾಳಿ ವಾಲಿದ್ದ ಕ್ಷಣವೇ ಸಿಕ್ಕಿಬಿಡಬಹುದು. ಸರಾಸರಿ ದಿಕ್ಕಿನಲ್ಲಿ ಮೊದಲ ಗುರುತು ಹೋಗುತ್ತದೆ. ಗುರುತು ಎಂದರೆ ಗಾಳಿ ತುಂಬಿದ ದೊಡ್ಡ ಬಣ್ಣದ ಬುರುಡೆ, ಹಗ್ಗ, ಲಂಗರು. ಹಗ್ಗ ನೀರಿನ ಆಳದಷ್ಟೇ ಇದ್ದರೆ ಲಂಗರು ನೆಲ ಕಚ್ಚದೆ ಎಳೆದುಕೊಂಡು ಹೋಗುತ್ತದೆ, ಅದರೊಂದಿಗೆ ಕೋರ್ಸೂ ಕೆಡುತ್ತದೆ. ಆಳದ ಮೂರು ಪಟ್ಟಾದರೂ ಹಗ್ಗ ಬಿಡಬೇಕು.

ಸ್ಟಾರ್ಟ್ ಲೈನ್ ಎಂಬುದು ಎರಡು ಬಿಂದುಗಳ ನಡುವಿನ ಕಾಣದ ಗೆರೆ. ಒಂದು ತುದಿಯಲ್ಲಿ ಸಮಿತಿಯ ದೋಣಿ, ಅಂದರೆ ರೇಸ್ ನಡೆಸುವವರು ಕೂತಿರುವ ದೋಣಿ, ಇನ್ನೊಂದು ತುದಿಯಲ್ಲಿ ಬುರುಡೆ. ಇದು ಗಾಳಿಗೆ ಸರಿಸುಮಾರು ಲಂಬವಾಗಿರಬೇಕು. ಒಂದು ತುದಿ ಗಾಳಿಯ ಕಡೆಗೆ ತುಸು ಮುಂದಿದ್ದರೂ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ, ಡಿಕ್ಕಿಗಳಾಗುತ್ತವೆ. ಉದ್ದಕ್ಕೆ ರೂಢಿಯ ಲೆಕ್ಕವೊಂದಿದೆ: ಎಲ್ಲ ದೋಣಿಗಳ ಉದ್ದ ಕೂಡಿಸಿ ಒಂದೂಕಾಲು ಅಥವಾ ಒಂದೂವರೆ ಪಟ್ಟು. 4.2 ಮೀಟರಿನ 20 ದೋಣಿಗಳಿದ್ದರೆ 105ರಿಂದ 126 ಮೀಟರ್.

ಸಣ್ಣ ಕೆರೆಯಲ್ಲಿ ಮೊದಲ ಗುರುತನ್ನು ತೀರ ಹತ್ತಿರ ಇಡುವ ಆಸೆಯಾಗುತ್ತದೆ. ಇಡಬಾರದು. ದೋಣಿಗಳು ಚದುರಲು ಅವಕಾಶವಿಲ್ಲದೆ ಇಡೀ ಗುಂಪು ಒಟ್ಟಿಗೇ ಗುರುತಿಗೆ ಬಂದು ಮುತ್ತಿಕೊಳ್ಳುತ್ತದೆ, ದೂರುಗಳು ಹುಟ್ಟುವುದು ಅಲ್ಲಿಂದಲೇ.

ಐದು ನಿಮಿಷದ ಸ್ಟಾರ್ಟ್

ಹಾಯಿದೋಣಿಗಳಿಗೆ ಬ್ರೇಕ್ ಇಲ್ಲ, ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ಚಲಿಸುತ್ತಲೇ ಸರಿಯಾದ ಸೆಕೆಂಡಿಗೆ ಗೆರೆ ಮುಟ್ಟಬೇಕು. ಅದಕ್ಕಾಗಿ ಎಣಿಕೆ ಬಾವುಟಗಳಲ್ಲಿ ನಡೆಯುತ್ತದೆ. ಐದು ನಿಮಿಷ ಇರುವಾಗ ಆ ವರ್ಗದ ದೋಣಿಗಳ ಬಾವುಟ ಏರುತ್ತದೆ, ಒಂದು ಹಾರನ್. ನಾಲ್ಕು ನಿಮಿಷಕ್ಕೆ ಸಾಮಾನ್ಯವಾಗಿ ‘ಪಿ’ ಬಾವುಟ, ಅಂದರೆ ನೀಲಿಯ ನಡುವೆ ಬಿಳಿ ಚೌಕ, ಮತ್ತೊಂದು ಹಾರನ್. ಅಲ್ಲಿಂದ ದೋಣಿ ನಿಯಮಗಳ ಪ್ರಕಾರ ರೇಸಿನಲ್ಲಿದೆ. ಒಂದು ನಿಮಿಷಕ್ಕೆ ‘ಪಿ’ ಇಳಿಯುತ್ತದೆ, ಹಾರನ್ ಉದ್ದ ಕೂಗುತ್ತದೆ. ಸೊನ್ನೆಗೆ ವರ್ಗದ ಬಾವುಟ ಇಳಿದರೆ ಸ್ಟಾರ್ಟ್.

ಗಡಿಯಾರ ಹೊಂದಿಸುವಾಗ ಬಾವುಟ ನೋಡಬೇಕು, ಹಾರನ್‌ಗೆ ಕಾಯಬಾರದು. ನಿಯಮದಲ್ಲಿ ಲೆಕ್ಕ ಬಾವುಟದ್ದೇ. ಹಾರನ್ ಕೆಟ್ಟು ಕೂಗದೇ ಇದ್ದರೂ ಸ್ಟಾರ್ಟ್ ಊರ್ಜಿತ. ಮೇಲಾಗಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 170 ಮೀಟರ್ ದೂರದ ದೋಣಿಗೆ ಅದು ಅರ್ಧ ಸೆಕೆಂಡ್ ತಡ.

ಒಂದೆರಡು ದೋಣಿ ಮೊದಲೇ ಗೆರೆ ದಾಟಿದ್ದರೆ ‘ಎಕ್ಸ್’ ಬಾವುಟ, ಬಿಳಿಯ ಮೇಲೆ ನೀಲಿ ಶಿಲುಬೆ, ಒಂದು ಹಾರನ್‌ನೊಂದಿಗೆ ಏರುತ್ತದೆ. ದಾಟಿದವರು ಪೂರ್ತಿಯಾಗಿ ಗೆರೆಯ ಹಿಂದಕ್ಕೆ ಬಂದು ಮತ್ತೆ ಹೊರಡಬೇಕು, ಹಿಂದಿರುಗುವಾಗ ಉಳಿದವರಿಗೆ ದಾರಿ ಬಿಡಬೇಕು. ಯಾರು ದಾಟಿದರೆಂದು ಗುರುತಿಸಲಾಗದಷ್ಟು ಮಂದಿ ದಾಟಿದ್ದರೆ ನೀಲಿ ಅಂಚಿನ ಹಳದಿ ತ್ರಿಕೋನ ಬಾವುಟ, ಎರಡು ಹಾರನ್: ಎಲ್ಲರೂ ವಾಪಸ್, ಹೊಸ ಸ್ಟಾರ್ಟ್. ಕೆಂಪು ಬಿಳಿ ಪಟ್ಟಿಯ ಉದ್ದ ಬಾವುಟ ಕಂಡರೆ ಸ್ಟಾರ್ಟ್ ಮುಂದೂಡಿದೆ. ಗಾಳಿ ಸತ್ತ ದಿನ ಅದರ ಕೆಳಗೆ ಬಹಳ ಹೊತ್ತು ತೇಲಬೇಕಾಗುತ್ತದೆ.

ಹೊಸಬರ ಸ್ಟಾರ್ಟ್ ಕೆಡುವುದು ಬಹುತೇಕ ಮೂರು ರೀತಿಯಲ್ಲಿ. ಬೇಗ ಬಂದು ಗೆರೆಯ ಮೇಲೆ ಹಾಯಿ ಸಡಿಲಿಸಿ ನಿಲ್ಲುತ್ತಾರೆ. ನಿಂತ ದೋಣಿ ಪಕ್ಕಕ್ಕೆ ಜಾರುತ್ತದೆ, ಚುಕ್ಕಾಣಿ ಕೇಳುವುದಿಲ್ಲ. ಹಾಯಿ ಎಳೆದ ತಕ್ಷಣ ದೋಣಿ ಓಡುತ್ತದೆಂದು ನಂಬುತ್ತಾರೆ. ಅದು ವೇಗ ಹಿಡಿಯಲು ಹಲವು ಸೆಕೆಂಡ್ ಬೇಕು, ಎಳೆಯಲು ಶುರು ಮಾಡಬೇಕಾದ್ದು ಸೊನ್ನೆಗೆ ಮೊದಲೇ. ಮೂರನೆಯದು ಅಪಾಯದ್ದು: ಸಮಿತಿಯ ದೋಣಿಗೂ ಪಕ್ಕದ ದೋಣಿಗೂ ನಡುವಿನ ಸಂದಿಯಲ್ಲಿ ಮೇಲಿನಿಂದ, ಅಂದರೆ ಗಾಳಿ ಬರುವ ಕಡೆಯಿಂದ, ತೂರಲು ನೋಡುವುದು. ಕೆಳಗಿನ ದೋಣಿ ಆ ಜಾಗ ಕೊಡಬೇಕಿಲ್ಲ. ಮೊದಲ ಕೆಲವು ರೇಸುಗಳಲ್ಲಿ ಗೆರೆಯ ನಡುಭಾಗದಲ್ಲಿ, ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ಹತ್ತು ಸೆಕೆಂಡ್ ತಡವಾಗಿಯಾದರೂ ವೇಗದಿಂದ ದಾಟುವುದು ಇವೆಲ್ಲಕ್ಕಿಂತ ಒಳ್ಳೆಯದು.

ಯಾರು ಯಾರಿಗೆ ದಾರಿ ಬಿಡಬೇಕು?

ಜಗತ್ತಿನ ಎಲ್ಲ ಕ್ಲಬ್ಬುಗಳಲ್ಲೂ ಹೆಚ್ಚುಕಡಿಮೆ ಒಂದೇ ನಿಯಮ ಪುಸ್ತಕ. ವರ್ಲ್ಡ್ ಸೇಲಿಂಗ್ ಸಂಸ್ಥೆ ಅದನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ, ಈಗಿನದು 2025–2028ರದ್ದು. ಪುಸ್ತಕ ದಪ್ಪಗಿದೆ, ಆದರೆ ವಾರದ ರೇಸಿಗೆ ಬೇಕಾದ ತಿರುಳು ಚಿಕ್ಕದು.

ಎರಡು ದೋಣಿಗಳು ಬೇರೆ ಬೇರೆ ಟ್ಯಾಕ್‌ನಲ್ಲಿ ಎದುರಾದರೆ ಪೋರ್ಟ್ ಟ್ಯಾಕ್‌ನ ದೋಣಿ ದಾರಿ ಬಿಡಬೇಕು. ನೀರಿನ ಮೇಲೆ ‘ಸ್ಟಾರ್‌ಬೋರ್ಡ್!’ ಎಂದು ಕೂಗುವುದು ಇದನ್ನೇ ನೆನಪಿಸಲು. ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಇದ್ದರೆ ಗಾಳಿ ಬರುವ ಕಡೆಯ ದೋಣಿ ಕೆಳಗಿನದಕ್ಕೆ ದಾರಿ ಬಿಡಬೇಕು. ಹಿಂದೆ ಮುಂದೆ ಇದ್ದರೆ ಹಿಂದಿನದು ದೂರ ಉಳಿಯಬೇಕು. ಟ್ಯಾಕ್ ಮಾಡುತ್ತಾ ಮೂತಿ ಗಾಳಿಯನ್ನು ದಾಟಿದ ದೋಣಿ, ಹೊಸ ಹಾದಿ ಹಿಡಿಯುವ ತನಕ ಎಲ್ಲರಿಗೂ ದಾರಿ ಬಿಡಬೇಕು. ಅಂದರೆ ಇನ್ನೊಬ್ಬರ ಮೂತಿಯ ಮುಂದೆ ತಟ್ಟನೆ ಹೊರಳಿ ‘ಸ್ಟಾರ್‌ಬೋರ್ಡ್’ ಎಂದು ಕೂಗುವಂತಿಲ್ಲ.

ಗುರುತಿನ ಸುತ್ತ ದೋಣಿಯ ಮೂರು ಉದ್ದಗಳಷ್ಟು ದೂರದ ವಲಯವಿದೆ. ಆ ವಲಯಕ್ಕೆ ಮೊದಲ ದೋಣಿ ತಲುಪುವ ಹೊತ್ತಿಗೆ ಎರಡೂ ಅಕ್ಕಪಕ್ಕ ಇದ್ದರೆ ಹೊರಗಿನದು ಒಳಗಿನದಕ್ಕೆ ಗುರುತು ಸುತ್ತಲು ಜಾಗ ಬಿಡಬೇಕು. ಒಂದು ಸ್ಪಷ್ಟವಾಗಿ ಮುಂದಿದ್ದರೆ ಹಿಂದಿನದು ಆಮೇಲೆ ಒಳಗೆ ತೂರಿ ಜಾಗ ಕೇಳುವಂತಿಲ್ಲ. ಜಗಳ ಹುಟ್ಟುವುದು ಹೆಚ್ಚಾಗಿ ಆ ಕ್ಷಣದ ಬಗ್ಗೆ: ವಲಯ ಮುಟ್ಟಿದಾಗ ಅಕ್ಕಪಕ್ಕ ಇದ್ದೆವೋ ಇಲ್ಲವೋ. ಆದ್ದರಿಂದ ಅನುಭವಿಗಳು ವಲಯಕ್ಕೆ ಬರುವ ಮೊದಲೇ ‘ಒಳಗಿದ್ದೇನೆ, ಜಾಗ ಬೇಕು’ ಎಂದು ಕೂಗಿ ಹೇಳುತ್ತಾರೆ. ಕಡ್ಡಾಯವಲ್ಲದಿದ್ದರೂ ಇದು ಬಹಳ ವಾದಗಳನ್ನು ಉಳಿಸುತ್ತದೆ. ಗಮನಿಸಿ: ಗಾಳಿಗೆದುರು ಏರುತ್ತಿರುವಾಗ ಬೇರೆ ಬೇರೆ ಟ್ಯಾಕ್‌ನಲ್ಲಿರುವ ದೋಣಿಗಳಿಗೆ ಈ ವಲಯದ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಸ್ಟಾರ್‌ಬೋರ್ಡ್‌ನದೇ ಹಕ್ಕು.

ಹಕ್ಕು ಇದ್ದವರಿಗೂ ಹೊಣೆ ಇದೆ. ಹಕ್ಕಿದೆಯೆಂದು ಗುದ್ದುವಂತಿಲ್ಲ, ತಪ್ಪಿಸಲು ಸಾಧ್ಯವಿದ್ದ ಡಿಕ್ಕಿಯನ್ನು ಎಲ್ಲರೂ ತಪ್ಪಿಸಬೇಕು. ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದರೆ ಇನ್ನೊಬ್ಬರಿಗೆ ದೂರ ಸರಿಯಲು ಅವಕಾಶ ಕೊಡಬೇಕು.

ರೆಫ್ರಿ ಇಲ್ಲದ ಆಟ

ನಿಯಮ ಮುರಿದೆನೆಂದು ಗೊತ್ತಾದ ಸ್ಪರ್ಧಿ ತಾನಾಗಿಯೇ ದಂಡ ತೆಗೆದುಕೊಳ್ಳಬೇಕು. ಇದು ಸೌಜನ್ಯವಷ್ಟೇ ಅಲ್ಲ, ನಿಯಮ ಪುಸ್ತಕದ ಆರಂಭದಲ್ಲೇ ಬರೆದಿರುವ ಮೂಲತತ್ವ. ದಂಡದ ರೂಪವೂ ನೀರಿನ ಮೇಲೆಯೇ ಮುಗಿಯುವಂಥದ್ದು: ಆದಷ್ಟು ಬೇಗ ಉಳಿದವರಿಂದ ದೂರ ಸರಿದು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುಗಬೇಕು. ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್, ಒಂದು ಜೈಬ್ ಇರಬೇಕು. ಗುರುತಿಗೆ ತಾಗಿದರೆ ಒಂದು ಸುತ್ತು ಸಾಕು. ಗಾಯ ಅಥವಾ ದೊಡ್ಡ ಹಾನಿ ಮಾಡಿದ್ದರೆ ಸುತ್ತು ಸಾಲದು, ರೇಸಿನಿಂದ ಹಿಂದೆ ಸರಿಯಬೇಕು.

ಇಬ್ಬರೂ ತಮ್ಮದೇ ಸರಿ ಎಂದರೆ? ಅನ್ಯಾಯವಾಯಿತೆಂದು ಭಾವಿಸಿದವರು ಕೂಡಲೇ ‘ಪ್ರೊಟೆಸ್ಟ್’ ಎಂದು ಕೂಗಬೇಕು. ಆರು ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಯಾದರೆ ಕೆಂಪು ಬಾವುಟವನ್ನೂ ತೋರಿಸಬೇಕು. ದಡಕ್ಕೆ ಬಂದ ಮೇಲೆ ಬರಹದಲ್ಲಿ ದೂರು ಕೊಡಬೇಕು. ಕ್ಲಬ್ ಬೇರೆ ಹೇಳದಿದ್ದರೆ ಕೊನೆಯ ದೋಣಿ ಗುರಿ ಮುಟ್ಟಿದ ಎರಡು ಗಂಟೆಯೊಳಗೆ. ಘಟನೆಗೆ ಸಂಬಂಧವಿಲ್ಲದ ಸದಸ್ಯರು ಸಮಿತಿಯಾಗಿ ಕೂತು, ಮೇಜಿನ ಮೇಲೆ ಪುಟ್ಟ ಮಾದರಿ ದೋಣಿಗಳನ್ನಿಟ್ಟು, ಇಬ್ಬರಿಂದಲೂ ಘಟನೆಯನ್ನು ಮತ್ತೆ ಜೋಡಿಸಿ ತೋರಿಸಿಕೊಳ್ಳುತ್ತಾರೆ. ಯಾವ ನಿಯಮ, ಏಕೆ ಎಂದು ವಿವರಿಸಿ ತೀರ್ಪು ಕೊಡುತ್ತಾರೆ. ಹೊಸಬರು ಇದನ್ನು ಜಗಳವೆಂದು ಹೆದರುತ್ತಾರೆ. ನಿಯಮ ಕಲಿಯಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಅನುಮತಿ ಕೇಳಿ ಪ್ರೇಕ್ಷಕರಾಗಿ ಕೂತರೂ ಲಾಭವೇ. ಒಂದು ಎಚ್ಚರಿಕೆ: ನೀರಿನ ಮೇಲೆ ಪ್ರೊಟೆಸ್ಟ್ ಮಾಡದೆ, ವಾರವಿಡೀ ಬೆನ್ನ ಹಿಂದೆ ದೂರುತ್ತಾ ಹೋದರೆ ಕ್ಲಬ್ಬಿನ ಬಾಳುವೆ ಹಾಳಾಗುತ್ತದೆ. ಔಪಚಾರಿಕ ವಿಚಾರಣೆ ಇರುವುದೇ ಕಹಿ ಅಂದೇ ಮುಗಿಯಲಿ ಎಂದು.

ಮೊದಲು ಬಂದವರು ಗೆಲ್ಲುವುದಿಲ್ಲ, ಏಕೆ?

ದೊಡ್ಡ ಕೂಟಗಳಲ್ಲಿ ಒಂದೇ ವಿನ್ಯಾಸದ ದೋಣಿಗಳು ಸ್ಪರ್ಧಿಸುತ್ತವೆ. ಸಣ್ಣ ಕ್ಲಬ್ಬಿಗೆ ಆ ಭಾಗ್ಯವಿಲ್ಲ. ಮಕ್ಕಳ ಆಪ್ಟಿಮಿಸ್ಟ್ 2.3 ಮೀಟರಿನ ಪೆಟ್ಟಿಗೆಯಂಥ ದೋಣಿ. ಒಬ್ಬರೇ ನಡೆಸುವ ಐಎಲ್‌ಸಿಎ, ಹಿಂದೆ ಲೇಸರ್ ಎಂದೇ ಹೆಸರಾಗಿದ್ದದ್ದು, 4.2 ಮೀಟರ್, ಅದರ ದೊಡ್ಡ ಹಾಯಿ ಸುಮಾರು 7 ಚದರ ಮೀಟರ್. ಇವೆರಡೂ ಒಟ್ಟಿಗೆ ಹೊರಟರೆ ವೇಗದ್ದು ಗೆಲ್ಲುವುದು ಖಚಿತ, ಆಟಕ್ಕೆ ಅರ್ಥವಿಲ್ಲ. ಅದಕ್ಕಾಗಿ ಪ್ರತಿ ಮಾದರಿಗೂ ಒಂದು ಹ್ಯಾಂಡಿಕ್ಯಾಪ್ ಸಂಖ್ಯೆ. ಹೆಚ್ಚು ಬಳಕೆಯಲ್ಲಿರುವ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಪದ್ಧತಿಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ದೋಣಿ ನಿಧಾನ. ದೋಣಿ ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ತಿದ್ದಿದ ಸಮಯ ಸಿಗುತ್ತದೆ.

ಉದಾಹರಣೆಗೆ 1100ರ ದೋಣಿ 55 ನಿಮಿಷದಲ್ಲಿ, ಅಂದರೆ 3300 ಸೆಕೆಂಡಿನಲ್ಲಿ ಮುಗಿಸಿತು. ತಿದ್ದಿದ ಸಮಯ 3000. ಸಂಖ್ಯೆ 1650 ಇರುವ ದೋಣಿ 80 ನಿಮಿಷ, 4800 ಸೆಕೆಂಡ್ ತೆಗೆದುಕೊಂಡಿತು. ತಿದ್ದಿದ ಸಮಯ 2909. ಇಪ್ಪತ್ತೈದು ನಿಮಿಷ ತಡವಾಗಿ ಬಂದ ಎರಡನೆಯದೇ ಗೆದ್ದಿತು. ನಿಧಾನದ ದೋಣಿಗಳಿಗಾಗಿ ಎಲ್ಲರೂ ಕಾಯಬಾರದೆಂದು ಕೆಲವೊಮ್ಮೆ ಅವನ್ನು ಕಡಿಮೆ ಸುತ್ತಿಗೇ ಮುಗಿಸಿ, ಸರಾಸರಿ ಸುತ್ತಿನ ಸಮಯದಿಂದ ಪೂರ್ತಿ ಲೆಕ್ಕ ತೆಗೆಯುತ್ತಾರೆ.

ಇದನ್ನೇ ತಿರುಗಿಸಿದರೆ ಬೆನ್ನಟ್ಟುವ ರೇಸ್. ಒಂದು ಗಂಟೆಯ ಆಟದಲ್ಲಿ 1650ರ ದೋಣಿ ಮೊದಲು ಹೊರಡುತ್ತದೆ, 1100ರದ್ದು 20 ನಿಮಿಷ ತಡವಾಗಿ. ಗಂಟೆ ಮುಗಿದಾಗ ಯಾರು ಮುಂದಿದ್ದಾರೋ ಅವರೇ ಗೆದ್ದವರು. ಲೆಕ್ಕ ಮೊದಲೇ ಮುಗಿದಿರುವುದರಿಂದ ದಡದಲ್ಲಿ ನೋಡುವವರಿಗೂ ಅರ್ಥವಾಗುತ್ತದೆ, ಮಕ್ಕಳಿಗೆ ಬಹಳ ಹೊತ್ತು ಮುಂದಿರುವ ಸಂತೋಷವೂ ಸಿಗುತ್ತದೆ.

ಅಂಕದಲ್ಲಿ ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ. ಸರಣಿಯ ಕೊನೆಗೆ ಕಡಿಮೆ ಇದ್ದವರು ಗೆಲ್ಲುತ್ತಾರೆ. ಬಾರದಿದ್ದರೆ ಸರಣಿಗೆ ಹೆಸರು ಕೊಟ್ಟವರ ಸಂಖ್ಯೆಗೆ ಒಂದು ಕೂಡಿಸಿದಷ್ಟು ಅಂಕ. ತೀರಾ ಕೆಟ್ಟ ಫಲಿತಾಂಶಗಳನ್ನು ಕೈಬಿಡುವ ಅವಕಾಶವಿರುತ್ತದೆ; ವಾರದ ಸರಣಿಗಳಲ್ಲಿ ಕ್ಲಬ್ಬುಗಳು ಇದನ್ನು ಧಾರಾಳವಾಗಿ ಕೊಡುತ್ತವೆ, ಯಾರಿಗೂ ಪ್ರತಿ ವಾರ ಬರಲು ಆಗುವುದಿಲ್ಲವಲ್ಲ.

ಡ್ಯೂಟಿ ಪಟ್ಟಿ

ಇಷ್ಟೆಲ್ಲ ನಡೆಸಲು ಸಂಬಳದ ಸಿಬ್ಬಂದಿ ಇರುವುದಿಲ್ಲ. ವರ್ಷದ ಆರಂಭದಲ್ಲೇ ಡ್ಯೂಟಿ ಪಟ್ಟಿ ಗೋಡೆಗೆ ಬೀಳುತ್ತದೆ. ಪ್ರತಿ ಸದಸ್ಯರಿಗೂ ಕೆಲವು ದಿನ: ರೇಸ್ ಆಫೀಸರ್, ಗಡಿಯಾರ ನೋಡುವವರು, ಬಾವುಟದವರು, ಬರೆದುಕೊಳ್ಳುವವರು, ರಕ್ಷಣಾ ದೋಣಿಯ ಇಬ್ಬರು. ಡ್ಯೂಟಿಯ ದಿನ ಆಡಲಾಗದ್ದಕ್ಕೆ ಅನೇಕ ಕ್ಲಬ್ಬುಗಳು ಸರಾಸರಿ ಅಂಕ ಕೊಡುತ್ತವೆ, ಸೇವೆ ಮಾಡಿದವರು ಸರಣಿಯಲ್ಲಿ ಹಿಂದೆ ಬೀಳಬಾರದೆಂದು. ಬರಲಾಗದಿದ್ದರೆ ಬದಲಿಯನ್ನು ಹುಡುಕುವ ಹೊಣೆ ಸದಸ್ಯರದ್ದೇ. ಇಲ್ಲಿ ಒಬ್ಬರು ಕೈಕೊಟ್ಟರೂ ರೇಸ್ ನಿಲ್ಲಬಹುದು, ಏಕೆಂದರೆ ರಕ್ಷಣಾ ದೋಣಿ ಇಲ್ಲದೆ ಯಾರನ್ನೂ ನೀರಿಗಿಳಿಸುವುದಿಲ್ಲ.

ರಕ್ಷಣಾ ದೋಣಿಯ ಕೆಲಸ ಎಲ್ಲಕ್ಕಿಂತ ಗಂಭೀರವಾದದ್ದು. ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನು ಚಾಲಕರು ಕಾಲಿಗೆ ಸಿಕ್ಕಿಸಿರಲೇಬೇಕು. ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ, ಇಲ್ಲವಾದರೆ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರುತ್ತದೆ. ದೋಣಿಯಲ್ಲಿ ಹಗ್ಗ ಕತ್ತರಿಸುವ ಚಾಕು, ಎಳೆಯುವ ಹಗ್ಗ, ಲಂಗರು, ಹುಟ್ಟು, ರೇಡಿಯೊ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಮಗುಚಿದ ದೋಣಿಯ ಬಳಿ ಹೋದಾಗ ಮೊದಲು ತಲೆ ಎಣಿಸಬೇಕು: ಇಬ್ಬರ ದೋಣಿಯಾದರೆ ಎರಡು ತಲೆ ಕಾಣಲೇಬೇಕು. ಒಂದೇ ಕಂಡರೆ ಇನ್ನೊಬ್ಬರು ಹಾಯಿಯ ಅಡಿ ಅಥವಾ ಹಗ್ಗದಲ್ಲಿ ಸಿಕ್ಕಿರಬಹುದು. ಎರಡೂ ಕಂಡರೆ, ‘ಸರಿ ಇದ್ದೀರಾ?’ ಎಂದು ಕೇಳಿ ದೂರ ನಿಂತು ನೋಡಿದರೆ ಸಾಕು, ಹೆಚ್ಚಿನವರು ತಾವೇ ಎತ್ತಿಕೊಳ್ಳುತ್ತಾರೆ. ಹತ್ತಿರ ಹೋಗಲೇಬೇಕಾದರೆ ಜನರ ಬಳಿ ಎಂಜಿನ್ ಆರಿಸಬೇಕು. ಜನ ಮೊದಲು, ದೋಣಿ ಆಮೇಲೆ.

ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣ: ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಗಾಳಿಯ ಬಲ ಹೇಳುವ ಬೊಫೋರ್ಟ್ ಮಾಪನದಲ್ಲಿ 3 ಅಂದರೆ 7ರಿಂದ 10 ನಾಟ್, ಕಲಿಯುವವರಿಗೆ ಹಿತ. ಬೊಫೋರ್ಟ್ 5, ಅಂದರೆ 17ರಿಂದ 21 ನಾಟ್, ಸುಮಾರು ಗಂಟೆಗೆ 31ರಿಂದ 39 ಕಿಲೋಮೀಟರ್, ಅನುಭವಿಗಳನ್ನೂ ಮಗುಚುತ್ತದೆ. ರೇಸ್ ರದ್ದು ಮಾಡುವುದು ಆಫೀಸರ್ ಕೈಯಲ್ಲಿದ್ದರೂ, ಹೊರಡಬೇಕೇ ಬೇಡವೇ ಎಂಬ ನಿರ್ಧಾರದ ಹೊಣೆ ಪ್ರತಿ ದೋಣಿಯದ್ದೇ ಎಂದು ನಿಯಮ ಹೇಳುತ್ತದೆ. ಅಪಾಯದಲ್ಲಿರುವವರಿಗೆ ನೆರವಾಗುವುದು ರೇಸಿಗಿಂತ ಮೊದಲ ಕರ್ತವ್ಯ. ಹಾಗೆ ಸಮಯ ಕಳೆದುಕೊಂಡವರು ಪರಿಹಾರ ಅಂಕ ಕೇಳಬಹುದು.

ವರ್ಷಕ್ಕೆ ಕೆಲವು ಸಲ ರೇಸ್ ಇಲ್ಲದ ದಿನ ಎಲ್ಲರೂ ಸೇರಿ ಕಟ್ಟೆಯ ಹಲಗೆ ಬದಲಿಸುವುದು, ದೋಣಿ ಗಾಡಿಗಳ ಚಕ್ರಕ್ಕೆ ಗಾಳಿ ತುಂಬುವುದು, ಹಾಯಿಗೆ ಹೊಲಿಗೆ ಹಾಕುವುದು ಇರುತ್ತದೆ. ಗೆದ್ದವರು ತಮ್ಮ ಹಾಯಿಯ ಹೊಂದಾಣಿಕೆಯನ್ನು ಸೋತವರಿಗೆ ಬಿಡಿಸಿ ಹೇಳುವುದು ಇಂಥ ಹೊತ್ತಿನಲ್ಲಿ. ಗುಟ್ಟು ಬಿಟ್ಟುಕೊಡುವುದಕ್ಕೆ ಕಾರಣವೂ ಸರಳ: ಹಿಂದೆ ಬೀಳುವವರು ಬೇಸತ್ತು ಬಿಟ್ಟರೆ ಗೆಲ್ಲಲು ಎದುರಾಳಿಯೇ ಉಳಿಯುವುದಿಲ್ಲ.

ನೀರಿಗಿಳಿಯುವ ಮುನ್ನ

ಮೊದಲು ಹಾಜರಿ ಹಲಗೆಯಲ್ಲಿ ಹೆಸರು ಬರೆಯಿರಿ ಅಥವಾ ಬಿಲ್ಲೆ ತಿರುಗಿಸಿ, ಬಂದ ಮೇಲೆ ಮತ್ತೆ ಗುರುತು ಹಾಕಿ. ನೀರಿನಲ್ಲಿ ಯಾರೂ ಉಳಿದಿಲ್ಲವೆಂದು ತಿಳಿಯುವುದು ಇದರಿಂದಲೇ. ಮರೆತರೆ, ನೀವು ಮನೆಗೆ ಹೋದ ಮೇಲೂ ರಕ್ಷಣಾ ದೋಣಿ ನಿಮ್ಮನ್ನು ಹುಡುಕುತ್ತಿರುತ್ತದೆ. ತೇಲುಡುಗೆ ಮೈಗೆ ಬಿಗಿಯಾಗಿರಲಿ. ಡಿಂಗಿಗಳಲ್ಲಿ, ಅಂದರೆ ಇಂಥ ಸಣ್ಣ ಹಾಯಿದೋಣಿಗಳಲ್ಲಿ, ಸಾಮಾನ್ಯವಾಗಿ ಬಳಸುವ 50 ನ್ಯೂಟನ್‌ನ ಉಡುಗೆ ಪ್ರಜ್ಞೆ ಇರುವವರಿಗೆ ತೇಲಲು ನೆರವಾಗುತ್ತದೆ ಅಷ್ಟೆ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಭರವಸೆ ಇಲ್ಲ.

ದೋಣಿಯ ಹಿಂಬದಿಯ ನೀರು ಬಸಿಯುವ ತೂತಿಗೆ ಬಿರಡೆ ಹಾಕಿದ್ದೀರಾ ನೋಡಿ. ಮರೆತರೆ ದೋಣಿ ಒಳಗೇ ನೀರು ಕುಡಿದು ಭಾರವಾಗುತ್ತದೆ, ಮಗುಚಿದರೆ ಎತ್ತಲಾಗದು. ಚುಕ್ಕಾಣಿಯ ತಡೆ ಕ್ಲಿಪ್ ಕಚ್ಚಿದೆಯೇ? ಕಚ್ಚದಿದ್ದರೆ ದೋಣಿ ಮಗುಚಿದಾಗ ಚುಕ್ಕಾಣಿ ಜಾರಿ ಹೋಗುತ್ತದೆ. ಹಾಯಿಯ ಹಗ್ಗದ ತುದಿಗೆ ಎಂಟರ ಆಕಾರದ ಗಂಟಿರಲಿ, ಇಲ್ಲವಾದರೆ ಅದು ರಾಟೆಯಿಂದ ಕಳಚಿಕೊಳ್ಳುತ್ತದೆ. ಹಾಯಿ ಏರಿಸುವಾಗ ಮೂತಿ ಗಾಳಿಗೆ ಎದುರಾಗಿರಬೇಕು, ಹಗ್ಗ ಸಡಿಲವಾಗಿರಬೇಕು.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಸ್ವಂತ ದೋಣಿ ಬೇಕಿಲ್ಲ. ಇಬ್ಬರ ದೋಣಿಗಳಿಗೆ ಸದಾ ಜೊತೆಗಾರರ ಕೊರತೆ ಇದ್ದೇ ಇರುತ್ತದೆ. ರೇಸಿಗೆ ಒಂದು ಗಂಟೆ ಮೊದಲು ಬಂದು ‘ಜೊತೆಗೆ ಬರಲೇ?’ ಎಂದು ಕೇಳಿದರೆ ಜಾಗ ಸಿಗುತ್ತದೆ. ಜೊತೆಗಾರರ ಕೆಲಸ ಮುಂದಿನ ಸಣ್ಣ ಹಾಯಿ, ಭಾರದ ಸಮತೋಲ ಮತ್ತು ಕಣ್ಣು: ಗುರುತು ಎಲ್ಲಿ, ಸ್ಟಾರ್‌ಬೋರ್ಡ್ ದೋಣಿ ಬರುತ್ತಿದೆಯೇ, ನೀರಿನ ಮೇಲೆ ಕಪ್ಪಗೆ ಸುಕ್ಕುಗಟ್ಟಿದ ಗಾಳಿಯ ಪಟ್ಟಿ ಯಾವ ಕಡೆ?

ಮೊದಲ ರೇಸಿಗೂ ಮುಂಚೆಯೇ ಒಂದು ದಿನ ಸಮಿತಿಯ ದೋಣಿಯಲ್ಲಿ ಸಹಾಯಕರಾಗಿ ಕೂರುವುದು ಇನ್ನೂ ಒಳ್ಳೆಯದು. ಬಾವುಟ ಏರಿಸುವ ಕೆಲಸ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಗೆರೆಯ ನೇರಕ್ಕೆ ಕೂತು ನೋಡಿದಾಗ, ಒಳ್ಳೆಯ ಸ್ಟಾರ್ಟ್ ತೆಗೆದುಕೊಳ್ಳುವವರು ಎಷ್ಟು ಹಿಂದಿನಿಂದ ವೇಗ ಕಟ್ಟಿಕೊಂಡು ಬರುತ್ತಾರೆ, ಸಂದಿಗೆ ತೂರಿದವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ದೋಣಿಯೊಳಗಿಂದ ಎಂದೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಡ್ಯೂಟಿ ಪಟ್ಟಿಯಲ್ಲಿ ಖಾಲಿ ಜಾಗ ಯಾವ ವಾರವಿದೆ ಎಂದು ಕ್ಲಬ್ಬಿನ ಸೇಲಿಂಗ್ ಕಾರ್ಯದರ್ಶಿಯನ್ನು ಕೇಳಿ. ಬಹುಶಃ ಮುಂದಿನ ವಾರವೇ ಇರುತ್ತದೆ.